ಟ್ಯಾಂಕಿನ ಮೇಸ್ತ್ರಿ ಮತ್ತು ಷಡ್ಡಕನ ಶೇರು

ಮೇಸ್ತ್ರಿಯ ಮೂಗಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನಿಗಿದ್ದ ಆಸ್ತಿ ಅದೊಂದೇ. ನೋಡಲು ಅಂಥ ಚೆಂದದ ಮೂಗೇನಲ್ಲ. ತುದಿ ದಪ್ಪ, ಎಡಕ್ಕೆ ಸ್ವಲ್ಪ ವಾಲಿಕೊಂಡಿದೆ. ಆದರೆ ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಆ ಮೂಗಿಗೆ ಇದ್ದ ಬೆಲೆ ಮ್ಯಾನೇಜರನ ಕುರ್ಚಿಗೂ ಇರಲಿಲ್ಲ.

ಮೆಕ್ಕೆಜೋಳದಿಂದ ಎಥನಾಲ್ ಮಾಡುವ ಸಣ್ಣ ಕಾರ್ಖಾನೆ ಅದು. ಜೋಳವನ್ನು ಹಿಟ್ಟು ಮಾಡಿ, ನೀರಿನಲ್ಲಿ ಬೇಯಿಸಿ, ಗಂಜಿಯಂತಾದ ಮೇಲೆ ಯೀಸ್ಟ್ ಬೆರೆಸಿ, ಎರಡು ಮಹಡಿ ಎತ್ತರದ ಆರು ಟ್ಯಾಂಕುಗಳಿಗೆ ಬಿಡುತ್ತಿದ್ದರು. ಎರಡು, ಎರಡೂವರೆ ದಿನ ಅದು ಒಳಗೇ ನೊರೆಗಟ್ಟಿಕೊಂಡು ಹುದುಗುತ್ತಿತ್ತು. ಆಮೇಲೆ ಭಟ್ಟಿ ಇಳಿಸಿದರೆ ಪೆಟ್ರೋಲಿಗೆ ಬೆರೆಸುವ ಎಥನಾಲ್. ಲಾಭ ನಷ್ಟವೆಲ್ಲ ನಿರ್ಧಾರವಾಗುವುದು ಆ ಎರಡು ದಿನಗಳಲ್ಲೇ. ಗಂಜಿ ಸರಿಯಿದ್ದರೆ ಮೇಲಿನ ಕಿಂಡಿಯಲ್ಲಿ ಮಾಗಿದ ಹಣ್ಣಿನ ವಾಸನೆ. ಕೆಟ್ಟ ಕ್ರಿಮಿ ಸೇರಿಕೊಂಡರೆ ಅದರ ಅಡಿಯಲ್ಲೆಲ್ಲೋ ವಿನೆಗರಿನ ಒಂದು ಎಳೆ. ಅದನ್ನು ಪತ್ತೆ ಮಾಡಲು ಲ್ಯಾಬಿಗೆ ಆರು ಗಂಟೆ ಬೇಕು, ಮೇಸ್ತ್ರಿಗೆ ಅರ್ಧ ನಿಮಿಷ. ಕಬ್ಬಿಣದ ಮೆಟ್ಟಿಲು ಹತ್ತಿ, ಕಿಂಡಿ ತೆರೆದು, ಮುಖ ಒಡ್ಡದೆ ಅಂಗೈಯಿಂದ ಗಾಳಿಯನ್ನು ಮೂಗಿನತ್ತ ತಳ್ಳಿಕೊಂಡು ‘ಹೂಂ’ ಎಂದರೆ ಮುಗಿಯಿತು. ಹನ್ನೊಂದು ವರ್ಷದಲ್ಲಿ ಅವನ ಕೈಕೆಳಗೆ ಒಂದೇ ಒಂದು ಟ್ಯಾಂಕೂ ಕೆಟ್ಟಿರಲಿಲ್ಲ. ಸಂಬಳ ಮಾತ್ರ ಹಾಗೇ ಇತ್ತು, ಬೆಳೆಯಬೇಕೆಂಬ ಆಸೆಯೇ ಇಲ್ಲದ ಮಗುವಿನ ಹಾಗೆ.

ಇನ್ನು ಷಡ್ಡಕ. ಮೇಸ್ತ್ರಿಯ ಹೆಂಡತಿಯ ತಂಗಿಯನ್ನು ಮದುವೆಯಾದವನು. ಒಂದು ಮನೆಗೆ ಇಬ್ಬರು ಅಳಿಯಂದಿರಿದ್ದರೆ, ಅತ್ತೆ ಮಾವ ಪಾಪ ಏನೂ ಅನ್ನದಿದ್ದರೂ, ಅವರಿಬ್ಬರೇ ಒಬ್ಬರನ್ನೊಬ್ಬರು ತೂಕಕ್ಕೆ ಹಾಕಿಕೊಂಡು ಕೂತಿರುತ್ತಾರೆ. ಇಲ್ಲಿ ತೂಗುತ್ತಿದ್ದವನು ಮೇಸ್ತ್ರಿ ಒಬ್ಬನೇ. ಷಡ್ಡಕ ಕನ್ನಡಕದ ಅಂಗಡಿಯವನು. ಬೇರೆಯವರ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದ ಹತ್ತಡಿ ಅಗಲದ ಅಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಗಾಜು ಅರೆಯುವ ಯಂತ್ರ. ಹೆಂಡತಿ ಕರೆಯುವ ಹಾಗೆ ಅವನೂ ಮೇಸ್ತ್ರಿಯನ್ನು ‘ಭಾವ’ ಎಂದೇ ಕರೆಯುತ್ತಿದ್ದ. ಮೆತ್ತಗಿನ ಮನುಷ್ಯ. ಯಾರ ಮುಖ ಕಂಡರೂ ಮೊದಲು ಅವರ ಕನ್ನಡಕವನ್ನು ತೆಗೆದು, ತನ್ನ ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಅವರ ಮುಖಕ್ಕಿಟ್ಟು ಆಮೇಲೆ ಮಾತಾಡುತ್ತಿದ್ದ. ಮೇಸ್ತ್ರಿಗೆ ಇದೊಂದು ಅಭ್ಯಾಸ ಕಂಡರೆ ಆಗುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಮೇಸ್ತ್ರಿಯ ಬಾಯಿಂದಲೇ. ಆರು ವರ್ಷದ ಕೆಳಗೆ ಕಾರ್ಖಾನೆಯವರು ಶೇರು ಬಿಟ್ಟರು. ಕೆಲಸಗಾರರಿಗೆಂದೇ ಒಂದಿಷ್ಟು ತೆಗೆದಿಟ್ಟು, ಒಂದಕ್ಕೆ ಹದಿನಾಲ್ಕು ರೂಪಾಯಿಯಂತೆ ಕೊಡುತ್ತೇವೆ, ಬೇಕಾದವರು ಬರೆದುಕೊಡಿ ಎಂದು ನೋಟೀಸು ಅಂಟಿಸಿದರು. ಮೇಸ್ತ್ರಿ ಕ್ಯಾಂಟೀನಿನಲ್ಲಿ ಎಲ್ಲರೆದುರು ನಕ್ಕುಬಿಟ್ಟ. ದಿನವಿಡೀ ಇವರ ಗಂಜಿ ಕಾಯುವವನು ನಾನು, ಅದರ ಮೇಲೆ ನಾನೇ ದುಡ್ಡು ಕೊಟ್ಟು ಇವರ ಕಾಗದ ಬೇರೆ ಕೊಳ್ಳಬೇಕಾ ಎಂದ. ಎಲ್ಲರೂ ನಕ್ಕರು. ಆ ನಗು ಅವನಿಗೆ ಎಷ್ಟು ಹಿಡಿಸಿತೆಂದರೆ ಅದೇ ಜೋಕನ್ನು ಆ ವಾರ ಷಡ್ಡಕನ ಮನೆ ಊಟದಲ್ಲೂ ಹೇಳಿದ. ಷಡ್ಡಕ ನಗಲಿಲ್ಲ. ಟ್ಯಾಂಕು ಕೆಡುವುದುಂಟಾ, ಕೆಟ್ಟರೆ ಎಷ್ಟು ನಷ್ಟ, ಬೇರೆ ಕಾರ್ಖಾನೆಗಳಲ್ಲಿ ವರ್ಷಕ್ಕೆಷ್ಟು ಕೆಡುತ್ತವೆ ಎಂದೆಲ್ಲ ವಿಚಾರಿಸಿದ. ತನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದ್ದೇ ಮೇಸ್ತ್ರಿಗೆ ಹೊಸದು. ಉಬ್ಬಿಹೋಗಿ ಒಂದು ಗಂಟೆ ಕೊರೆದ. ಷಡ್ಡಕ ಮಾರನೇ ವಾರವೇ, ಹೊಸ ಯಂತ್ರಕ್ಕೆಂದು ಕೂಡಿಟ್ಟಿದ್ದ ಹಣವನ್ನೆಲ್ಲ, ಹೊರಗಿನವರಿಗೂ ಅದೇ ಬೆಲೆಗೆ ಬಿಟ್ಟಿದ್ದ ಆ ಶೇರಿಗೆ ಸುರಿದ.

ಪೆಟ್ರೋಲಿಗೆ ಇನ್ನಷ್ಟು ಎಥನಾಲ್ ಬೆರೆಸಬೇಕೆಂದು ಮೇಲಿನಿಂದ ಆದೇಶ ಬಂತು. ಹದಿನಾಲ್ಕು ಇದ್ದದ್ದು ಮೂವತ್ತಾಯಿತು, ಎಪ್ಪತ್ತಾಯಿತು, ನೂರು ದಾಟಿತು. ಷಡ್ಡಕ ಅದರಲ್ಲಿ ಸ್ವಲ್ಪ ಮಾರಿ ಮನೆ ಬದಲಿಸಿದ. ಮಗಳನ್ನು ದೊಡ್ಡ ಶಾಲೆಗೆ ಸೇರಿಸಿದ. ಕಾರು ಕೊಂಡ. ಆ ಕಾರು ಮನೆ ಮುಂದೆ ಬಂದು ನಿಂತಾಗ ಮೇಸ್ತ್ರಿ ‘ಬಣ್ಣ ಚೆನ್ನಾಗಿದೆ’ ಎಂದಷ್ಟೇ ಹೇಳಿ ಒಳಗೆ ಹೋಗಿ ನೀರು ಕುಡಿದ. ಒಂದು ಲೋಟ ಸಾಲಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಷಡ್ಡಕ ಫೋನು ಮಾಡುತ್ತಿದ್ದ. ಆ ಕಡೆ ಈ ಕಡೆ ಮಾತಾಡಿ, ಕೊನೆಗೆ ದನಿ ತಗ್ಗಿಸಿ, “ವಾಸನೆ ಹೇಗಿದೆ ಭಾವ?” ಎನ್ನುತ್ತಿದ್ದ. ಮೇಸ್ತ್ರಿ “ಚೆನ್ನಾಗಿದೆ” ಎನ್ನುತ್ತಿದ್ದ. ಅಷ್ಟೇ. ಇದು ತಮ್ಮಿಬ್ಬರ ನಡುವೆಯೇ ಇರಬೇಕು, ಹೆಂಡತಿಯರಿಗೂ ಗೊತ್ತಾಗಕೂಡದು ಎಂದು ಷರತ್ತು ಹಾಕಿದವನು ಮೇಸ್ತ್ರಿಯೇ. ಕಾರ್ಖಾನೆಯ ಒಳಗಿನ ವಿಷಯ ಹೊರಗೆ ಹೋಯಿತೆಂದರೆ ಕೆಲಸಕ್ಕೇ ಕುತ್ತು. ಷಡ್ಡಕ ಆ ಮಾತನ್ನು ಚಾಚೂ ತಪ್ಪದೆ ಉಳಿಸಿಕೊಂಡ. ಮೇಸ್ತ್ರಿಯ ಹೊಟ್ಟೆ ಉರಿಯುತ್ತಿದ್ದದ್ದು ಮುಖ್ಯವಾಗಿ ಅದಕ್ಕೇ. ಮೂಗು ಇವನದು, ಹೆಸರು ಅವನದು. “ತಂಗಿ ಗಂಡನ ತಲೆ ನೋಡ್ರೀ” ಎಂದು ಹೆಂಡತಿ ಸೊಪ್ಪು ಬಿಡಿಸುತ್ತಾ ಹೊಗಳುವಾಗ, ಅದು ತಲೆಯಲ್ಲ ಕಣೇ, ಇಗೋ ಇದು ಎಂದು ಮೂಗು ಹಿಡಿದು ತೋರಿಸಬೇಕೆನಿಸುತ್ತಿತ್ತು. ಬಾಯಿಗೆ ತಾನೇ ಹಾಕಿಕೊಂಡ ಬೀಗ, ತೆಗೆಯುವ ಹಾಗಿಲ್ಲ.

ಹಾಗಾದರೆ ಇವನೂ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಳ್ಳಲು ಹೋಗಿದ್ದ. ಶೇರು ಎಂಬತ್ತಕ್ಕೆ ಬಂದಾಗ, ಯಾರಿಗೂ ಹೇಳದೆ ರಜೆ ಹಾಕಿ, ಬ್ರೋಕರ್ ಆಫೀಸಿನ ಮೆಟ್ಟಿಲು ಹತ್ತಿ, ಫಾರಂ ತುಂಬಿ, ಸಹಿಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅವನು ಹದಿನಾಲ್ಕಕ್ಕೆ ಕೊಂಡದ್ದನ್ನು ನಾನು ಎಂಬತ್ತಕ್ಕೆ ಕೊಳ್ಳುವುದಾ? ಐವತ್ತಕ್ಕಿಳಿಯಲಿ, ನೋಡೋಣ ಎಂದುಕೊಂಡು ಎದ್ದುಬಂದ. ಅಂದಿನಿಂದ ತನ್ನ ಕಾರ್ಖಾನೆಯ ಶೇರು ಬೀಳಲಿ ಎಂದು ಹಾರೈಸುತ್ತಾ, ತನ್ನ ಕಾರ್ಖಾನೆಯ ಟ್ಯಾಂಕುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ವಿಚಿತ್ರ ಬಾಳು ಅವನದಾಯಿತು. ಬೆಳಿಗ್ಗೆ ಪೇಪರಿನಲ್ಲಿ ಬೆಲೆ ಏರಿದ್ದು ಕಂಡರೆ ಮುಖ ಇಳಿಯುತ್ತಿತ್ತು. ಏರಿಸಿದವರಲ್ಲಿ ತಾನೂ ಒಬ್ಬ ಎಂಬ ಸಿಟ್ಟು ಬೇರೆ.

ಈ ವರ್ಷದ ಮೊದಲಲ್ಲಿ, ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಅವನು ಐದನೇ ಟ್ಯಾಂಕಿನ ಕಿಂಡಿ ತೆರೆದ. ಹಣ್ಣಿನ ವಾಸನೆಯ ಅಡಿಯಲ್ಲಿ ವಿನೆಗರಿನ ಎಳೆ. ಇನ್ನೊಮ್ಮೆ ಗಾಳಿ ತಳ್ಳಿಕೊಂಡ. ಹೌದು. ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಲ್ಯಾಬು ನೋಡಿಕೊಳ್ಳುವ ಕೆಮಿಸ್ಟ್ ಮೇಡಂ ಕೋಟು ಹಾಕಿಕೊಳ್ಳುವ ಮೊದಲೇ ಅವರ ಮುಂದೆ ನಿಂತ. ಆಕೆ ಅವನ ಮಾತಿನ ಮೇಲೆಯೇ, ಲ್ಯಾಬಿನ ಉತ್ತರಕ್ಕೂ ಕಾಯದೆ, ಉಳಿದ ಟ್ಯಾಂಕುಗಳ ಪೈಪುಗಳನ್ನು ಮುಚ್ಚಿಸಿದರು. ಮಧ್ಯಾಹ್ನದ ಹೊತ್ತಿಗೆ ಆರನೆಯದೂ ಕೆಟ್ಟಿದೆ ಎಂದು ಗೊತ್ತಾಯಿತು, ನಾಲ್ಕು ಉಳಿದವು. ಆದರೆ ಎರಡರ ಗಂಜಿಯನ್ನೂ ಚೆಲ್ಲಿ, ಪೈಪುಗಳನ್ನೆಲ್ಲ ಬಿಚ್ಚಿ ತೊಳೆಯಬೇಕು, ಕಾರ್ಖಾನೆ ಮೂರು ನಾಲ್ಕು ವಾರ ನಿಲ್ಲಬೇಕು, ಪೆಟ್ರೋಲ್ ಕಂಪನಿಗೆ ಒಪ್ಪಿಕೊಂಡ ಮಾಲು ಹೊತ್ತಿಗೆ ಹೋಗುವುದಿಲ್ಲ. ಗುರುವಾರ ಮಾಲೀಕರು ಪ್ರಕಟಣೆ ಕೊಡುವವರೆಗೆ ಯಾರೂ ತುಟಿ ಬಿಚ್ಚಕೂಡದೆಂದು ಮೇಡಂ ಎಲ್ಲರಿಗೂ ಹೇಳಿದರು. ಮೇಸ್ತ್ರಿ ಅವತ್ತು ಮನೆಗೆ ಬಂದು, ಹೆಂಡತಿಗೂ ಏನೂ ಹೇಳದೆ, ಮಗ್ಗುಲಾದ.

ಭಾನುವಾರ ಫೋನು ಬಂತು. ಷಡ್ಡಕನ ದನಿಯಲ್ಲಿ ಎಂದಿಲ್ಲದ ಗಡಿಬಿಡಿ. ಅಂಗಡಿಯ ಕಟ್ಟಡದವರು ಆ ಮಳಿಗೆಯನ್ನು ಮಾರುತ್ತಿದ್ದಾರೆ. ಹದಿನೆಂಟು ವರ್ಷ ಬಾಡಿಗೆಗಿದ್ದವನೆಂದು ಮೊದಲು ಇವನಿಗೇ ಹೇಳಿದ್ದಾರೆ. ಶೇರು ನೂರಾ ಅರವತ್ತರಲ್ಲಿದೆ. ಸೋಮವಾರ ಎಲ್ಲ ಮಾರಿದರೆ ಮಳಿಗೆ ತನ್ನದಾಗುತ್ತದೆ. ಆದರೆ ಇನ್ನೂರಕ್ಕೆ ಹೋಗುತ್ತದೆಂದು ಎಲ್ಲರೂ ಅನ್ನುತ್ತಿದ್ದಾರೆ. ಒಂದೆರಡು ತಿಂಗಳು ತಡೆದರೆ ಮಳಿಗೆಯ ಜೊತೆ ಹೊಸ ಯಂತ್ರಕ್ಕೂ ಆಗುತ್ತದೆ, ಕಟ್ಟಡದವರು ಅಲ್ಲಿಯವರೆಗೆ ಕಾಯಲು ಒಪ್ಪಿದ್ದಾರೆ.

“ನೀವು ಹೇಗೆ ಹೇಳ್ತೀರೋ ಹಾಗೆ ಭಾವ. ಮಾರಿಬಿಡ್ಲಾ, ತಡೀಲಾ? ವಾಸನೆ ಹೇಗಿದೆ?”

ಮೇಸ್ತ್ರಿಗೆ ಮೂರು ದಾರಿಗಳಿದ್ದವು. ಮಾರು ಎನ್ನಬಹುದಿತ್ತು. ಅದು ತಪ್ಪೆನಿಸಿದ್ದರೆ, ಇಂಥದ್ದನ್ನೆಲ್ಲ ನನ್ನ ಕೇಳಬೇಡ ಮಾರಾಯ, ನಾನು ಹೇಳಕೂಡದು ಎನ್ನಬಹುದಿತ್ತು. ಮೇಡಂ ಹೇಳಿದ್ದೂ ಅದೇ, ಯಾರೂ ಅವನನ್ನು ಬೊಟ್ಟು ಮಾಡಿ ತೋರಿಸುತ್ತಿರಲಿಲ್ಲ. ಆದರೆ ಅವನ ಕಣ್ಣಿಗೆ ಕಟ್ಟಿದ್ದು ಮಳಿಗೆ. ಬಾಗಿಲ ಮೇಲೆ ಹೊಸ ಬೋರ್ಡು, ಒಳಗೆ ಮಾಲೀಕನಾಗಿ ಕೂತ ಷಡ್ಡಕ, ಬಂದವರ ಕನ್ನಡಕ ಒರೆಸುತ್ತಾ. ಹನ್ನೊಂದು ವರ್ಷ ಸವೆಸಿದರೂ ತನ್ನದು ಎನ್ನಲು ಒಂದು ಗೇಣು ನೆಲವಿಲ್ಲದ ತಾನು, ಆ ಬಾಗಿಲಲ್ಲಿ ನಿಂತು ‘ಬೋರ್ಡು ಚೆನ್ನಾಗಿದೆ’ ಎನ್ನಬೇಕು.

“ಚೆನ್ನಾಗಿದೆ. ಯಾಕೆ ಮಾರ್ತೀಯ? ತಡಿ” ಎಂದ.

ಮತ್ತೆ ಫೋನು ಮಾಡಿ ಹೇಳಿಬಿಡಲೇ ಎಂದು ಸಂಜೆಯವರೆಗೆ ಅನಿಸಿತು. ಸೋಮವಾರ ಬೆಳಿಗ್ಗೆಯೂ ಅನಿಸಿತು. ಅನಿಸಿದ್ದಷ್ಟೇ.

ಗುರುವಾರ ಪ್ರಕಟಣೆ ಬಂತು. ಶೇರು ನೂರಾ ಹತ್ತಕ್ಕೆ ಕುಸಿಯಿತು, ಮಾರಲು ಹೋದರೆ ಕೊಳ್ಳುವವರಿಲ್ಲ, ಮುಂದಿನ ವಾರ ಎಪ್ಪತ್ತು, ತಿಂಗಳಲ್ಲಿ ನಲವತ್ತೈದು. ಕಟ್ಟಡದವರು ಹೇಳಿದ ಮಾತಿನಂತೆ ಎರಡು ತಿಂಗಳು ಕಾದು, ಮಳಿಗೆಯನ್ನು ಚಪ್ಪಲಿ ಅಂಗಡಿಯವನಿಗೆ ಕೊಟ್ಟರು. ಷಡ್ಡಕ ಕಪಾಟು ಮಾರಿದ, ಕಾರು ಮಾರಿದ, ಊರಾಚೆಯ ದೊಡ್ಡ ಕನ್ನಡಕದ ಅಂಗಡಿಯೊಂದರಲ್ಲಿ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಕೆಲಸಕ್ಕೆ ಸೇರಿಕೊಂಡ. ಅಲ್ಲಿ ಅವನು ಗಿರಾಕಿಗಳ ಮುಖವನ್ನೇ ನೋಡುವಂತಿರಲಿಲ್ಲ. ಗಾಜು ಮಾತ್ರ ಬರುತ್ತಿತ್ತು, ಗಾಜು ಮಾತ್ರ ಹೋಗುತ್ತಿತ್ತು.

ಮೇಸ್ತ್ರಿಗೆ ಖುಷಿಯಾಯಿತಾ? ಆಯಿತು, ಸುಳ್ಳೇಕೆ ಹೇಳಬೇಕು. ಒಂದು ವಾರ ಅನ್ನ ರುಚಿಯಾಗಿತ್ತು. ಆಮೇಲೆ ಅದೂ ಕೆಟ್ಟಿತು. ಏಕೆಂದರೆ ಬೀಳುವುದನ್ನೂ ಷಡ್ಡಕ ತನಗಿಂತ ಚೆನ್ನಾಗಿ ಬೀಳುತ್ತಿದ್ದ. ಮನೆಯಲ್ಲಿ ಬೆಳಗಾದರೆ ಅವನದೇ ಮಾತು: ಪಾಪ ಎಷ್ಟು ಸಮಾಧಾನ ಅವರಿಗೆ, ಒಂದು ದಿನ ಗೊಣಗಿದ್ದಿಲ್ಲವಂತೆ, ತಂಗಿ ಬೈದರೂ ತಲೆ ತಗ್ಗಿಸಿ ಕೇಳುತ್ತಾರಂತೆ. ಗೆದ್ದಾಗ ಅವನ ಹೊಗಳಿಕೆ, ಸೋತರೂ ಅವನದೇ ಹೊಗಳಿಕೆ. ನನಗೊಂದು ಒಳ್ಳೆಯ ಮಾತು ಬೀಳಬೇಕಾದರೆ ನಾನು ಏನಾಗಬೇಕು ಎಂದು ಮೇಸ್ತ್ರಿ ಹಲ್ಲು ಕಡಿದ. ಷಡ್ಡಕನ ಭಾನುವಾರದ ಫೋನು ನಿಂತುಹೋಗಿತ್ತು. ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಹೀಗಿರುವಾಗ ಕಾರ್ಖಾನೆಯ ವಾರ್ಷಿಕ ಸಭೆ ಬಂತು. ಶೇರುದಾರರನ್ನೆಲ್ಲ ಕರೆದು ಲಾಭ ನಷ್ಟ ಒಪ್ಪಿಸುವ ಸಭೆ. ಹಿಂದಿನ ದಿನ ಕೆಮಿಸ್ಟ್ ಮೇಡಂ ಮೇಸ್ತ್ರಿಯನ್ನು ಲ್ಯಾಬಿಗೆ ಕರೆಸಿ, ನಾಳೆ ಒಳ್ಳೆ ಅಂಗಿ ಹಾಕ್ಕೊಂಡು ಬನ್ನಿ, ಮನೆಯವರನ್ನೂ ಕರ್ಕೊಂಡು ಬನ್ನಿ, ವೇದಿಕೆ ಮೇಲೆ ನಿಮಗೆ ಸನ್ಮಾನ ಇದೆ ಎಂದರು. ನಾಲ್ಕು ಟ್ಯಾಂಕು ಉಳಿಸಿದ್ದಕ್ಕೆ. ತಾನೇ ಮಾಲೀಕರ ಹತ್ತಿರ ಹಟ ಹಿಡಿದು ಒಪ್ಪಿಸಿದ್ದೇನೆ ಎಂದೂ ಹೇಳಿದರು.

ಹನ್ನೊಂದು ವರ್ಷದ ಮೇಲೆ! ಮೇಸ್ತ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವನ ತಲೆಗೆ ಬಂದದ್ದು ಒಂದೇ ಚಿತ್ರ: ತಾನು ಮೇಲೆ, ಷಡ್ಡಕ ಕೆಳಗೆ. ಇನ್ನು ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಶನಿವಾರದ ಮಾರನೇ ದಿನ ಭಾನುವಾರ ಎಂಬ ಎರಡನೇ ಕ್ಲಾಸಿನ ಮಗುವಿಗೂ ಬರುವ ಲೆಕ್ಕ ಆ ಮನುಷ್ಯನಿಗೆ ಹೊಳೆಯಲಿಲ್ಲ. ತಾನಾಗಿಯೇ ಫೋನು ಮಾಡಿದ. ಷಡ್ಡಕ, ಬೇಡ ಭಾವ, ಆ ಸಭೆಗೆ ಬಂದು ಏನು ಮಾಡಲಿ, ಮನಸ್ಸಿಲ್ಲ ಎಂದ. ಇವನು ಬಿಡಲಿಲ್ಲ. “ನನಗೆ ಸನ್ಮಾನ ಕಣೋ. ಮನೆಯೋರು ನೀವೇ ಬರದಿದ್ರೆ ಹೇಗೆ?” ಎಂದ. ಅದಕ್ಕೆ ಷಡ್ಡಕ, ಹಾಗಾದ್ರೆ ರಜೆ ಕೇಳಿಕೊಂಡು ಬರ್ತೀನಿ ಎಂದ. ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು.

ಜೋಳದ ಗೋದಾಮನ್ನು ಗುಡಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಎಷ್ಟು ಗುಡಿಸಿದರೂ ಹೊಟ್ಟಿನ ಧೂಳು ಬೆಳಕಿನಲ್ಲಿ ತೇಲುತ್ತಲೇ ಇತ್ತು. ಶೇರುದಾರರು ಮುಖ ಗಂಟು ಹಾಕಿಕೊಂಡು ಕೂತಿದ್ದರು. ದುಡ್ಡು ಕಳೆದುಕೊಂಡವರ ಮುಖ ಇನ್ನು ಹೇಗಿರುತ್ತದೆ. ಮೂರನೇ ಸಾಲಿನಲ್ಲಿ ಷಡ್ಡಕ, ಅವನ ಪಕ್ಕ ನಾದಿನಿ, ಅವಳ ಪಕ್ಕ ಮೇಸ್ತ್ರಿಯ ಹೆಂಡತಿ, ಪೆಟ್ಟಿಗೆಯಿಂದ ತೆಗೆದ ಸೀರೆಯಲ್ಲಿ. ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು ಕೆಲಸಗಾರರ ಜೊತೆ ನಿಂತು ಮೂರನೇ ಸಾಲನ್ನೇ ನೋಡುತ್ತಿದ್ದ.

ಮಾಲೀಕರು ನಷ್ಟದ ವಿಷಯ ಹೇಳಿದರು. ಗುಸುಗುಸು ಎದ್ದಿತು. ಅದನ್ನು ಅಡಗಿಸುವವರಂತೆ ಅವರು ಕೈ ಎತ್ತಿ, ಆರೂ ಟ್ಯಾಂಕು ಹೋಗಿದ್ದರೆ ಇವತ್ತು ಈ ಕಾರ್ಖಾನೆಯೇ ಇರುತ್ತಿರಲಿಲ್ಲ, ಅದನ್ನು ಉಳಿಸಿದವರು ಇಲ್ಲಿದ್ದಾರೆ ಎಂದು ಮೇಸ್ತ್ರಿಯನ್ನು ಮೇಲೆ ಕರೆದರು. ಮೆಟ್ಟಿಲು ಮೂರೇ ಇದ್ದವು. ಮೇಸ್ತ್ರಿ ಅದನ್ನು ನಿಧಾನವಾಗಿ, ಒಂದೊಂದನ್ನೂ ಸವಿಯುತ್ತಾ ಹತ್ತಿದ. ಕೆಮಿಸ್ಟ್ ಮೇಡಂ ಮೈಕು ತೆಗೆದುಕೊಂಡರು.

“ಶನಿವಾರ ಬೆಳಿಗ್ಗೆ ಏಳಕ್ಕೆ ಇವರು ನನ್ನ ಮುಂದೆ ಬಂದು ನಿಂತ್ರು. ಲ್ಯಾಬಿಗೆ ಗೊತ್ತಾಗಿದ್ದು ಮಧ್ಯಾಹ್ನ. ನಿಮಗೆಲ್ಲ ಗೊತ್ತಾಗಿದ್ದು ಗುರುವಾರ. ಇವರಿಗೆ ಮಾತ್ರ ಶನಿವಾರವೇ ಗೊತ್ತಿತ್ತು.”

ಗೋದಾಮು ತುಂಬ ಚಪ್ಪಾಳೆ. ಮೇಸ್ತ್ರಿಯ ಕಿವಿಗೆ ಅದು ಬೀಳಲಿಲ್ಲ. ‘ಶನಿವಾರ’ ಎಂಬ ಮಾತಿಗೇ ಅವನಿಗೆ ಆ ಲೆಕ್ಕ ಹೊಳೆದಿತ್ತು. ಮೂರನೇ ಸಾಲಿನಲ್ಲಿ ಷಡ್ಡಕನ ಕೈ ಚಪ್ಪಾಳೆಯ ನಡುವೆ ನಿಂತಿತು. ಅವನು ತನ್ನ ಕನ್ನಡಕ ತೆಗೆದ, ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. ಅವನ ಬರಿಗಣ್ಣನ್ನು ಮೇಸ್ತ್ರಿ ಅದೇ ಮೊದಲ ಸಲ ನೋಡಿದ್ದು. ಆಮೇಲೆ ಷಡ್ಡಕ ಕನ್ನಡಕ ಹಾಕಿಕೊಂಡು, ಎಲ್ಲರೂ ನಿಲ್ಲಿಸುವವರೆಗೆ ಚಪ್ಪಾಳೆ ತಟ್ಟಿದ.

ಸಭೆ ಮುಗಿದು ಚಹಾಕ್ಕೆ ಎಲ್ಲರೂ ಎದ್ದರು. ಹೆಂಗಸರಿಬ್ಬರೂ ಜನರ ನಡುವೆ ಸಿಕ್ಕಿಕೊಂಡಿದ್ದರು. ಷಡ್ಡಕನೇ ಮೊದಲು ಹತ್ತಿರ ಬಂದ. ಮೇಸ್ತ್ರಿಗೆ ಓಡಿಹೋಗೋಣ ಎನಿಸಿತು. ಕೈಯಲ್ಲಿ ಸನ್ಮಾನದ ಫಲಕವಿತ್ತು, ಅದನ್ನು ಹಿಡಿದುಕೊಂಡು ಎಲ್ಲಿ ಓಡುವುದು.

“ಗೊತ್ತಿಲ್ಲ ಅಂದಿದ್ರೂ ಸಾಕಿತ್ತು ಭಾವ” ಎಂದ ಷಡ್ಡಕ. ದನಿ ಏರಿಸಲಿಲ್ಲ.

ಮೇಸ್ತ್ರಿ ಏನೋ ಹೇಳಲು ಹೋದ. ಮೇಡಂ ಯಾರಿಗೂ ಹೇಳಬೇಡಿ ಎಂದಿದ್ದರು ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿಯೇ ನಿಂತಿತು. ಕೊನೆಗೆ ಹೊರಬಿದ್ದದ್ದು ಬೇರೆಯದೇ.

“ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು ಕಣೋ.”

“ನನ್ನ ಕಂಡಾ?” ಷಡ್ಡಕ ನಿಜಕ್ಕೂ ಬೆರಗಾಗಿದ್ದ. “ನಿಮ್ಮ ಮಾತು ಕೇಳಿ ತಡೆದೆ ಅಂತ ನಾನು ಯಾರ ಹತ್ರನೂ ಹೇಳಿಲ್ಲ. ಇವಳ ಹತ್ರನೂ ಇಲ್ಲ. ನನ್ನದೇ ದುರಾಸೆ ಅಂದೆ. ಇಷ್ಟು ತಿಂಗಳು ಅದಕ್ಕೇ ಬೈಸಿಕೊಂಡೆ.”

ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಜನರನ್ನು ಸೀಳಿಕೊಂಡು ಬಂದಳು. ಹಿಂದೆ ನಾದಿನಿ. ಹೆಂಡತಿಯ ಮುಖ ಅರಳಿಹೋಗಿತ್ತು. ಮದುವೆಯಾದಾಗಿನಿಂದ ಮೇಸ್ತ್ರಿ ಕಾಯುತ್ತಿದ್ದ ಮುಖ ಅದು. ಫಲಕವನ್ನು ಕೈಯಿಂದ ತೆಗೆದುಕೊಂಡು, ತಿರುಗಿಸಿ, ಹೆಸರು ಓದಿ, ಮತ್ತೆ ಓದಿದಳು. ಆಮೇಲೆ ತಂಗಿಯ ಗಂಡನ ಕಡೆ ತಿರುಗಿ, ಪ್ರೀತಿಯಿಂದಲೇ, ಗದರಿಸುವ ಹಾಗೆ ಹೇಳಿದಳು:

“ನೋಡಿದ್ರಾ, ಮನೇಲೇ ಇಂಥ ಮನುಷ್ಯ ಇದ್ದಾರೆ. ಆವತ್ತು ಇವರನ್ನ ಒಂದು ಮಾತು ಕೇಳಿದ್ರೆ ನಿಮ್ಮ ಅಂಗಡಿ ಉಳೀತಿರ್ಲಿಲ್ವಾ?”

ನಾದಿನಿ ಗಂಡನನ್ನು ನೋಡಿ, ಅದನ್ನೇ ಎಷ್ಟು ಸಲ ಹೇಳುವುದು ಎಂಬಂತೆ ಮುಖ ತಿರುಗಿಸಿದಳು. ಒಂದು ಮಾತು. ಷಡ್ಡಕ ಒಂದೇ ಒಂದು ಮಾತು ಆಡಿದರೆ ಸಾಕು, ಆ ಅರಳಿದ ಮುಖ ಈಗಲೇ, ಇಲ್ಲಿಯೇ, ಬಾಡಿಹೋಗುತ್ತದೆ. ಆಡಲಿ, ಆಡುವ ಹಕ್ಕು ಅವನಿಗಿದೆ ಎಂದು ಕಣ್ಣು ಮುಚ್ಚಿಕೊಂಡ.

“ಹೌದು ಅತ್ತಿಗೆ” ಎಂದ ಷಡ್ಡಕ. “ಕೇಳಬೇಕಿತ್ತು. ನಂದೇ ತಪ್ಪು.”

ಅಷ್ಟು ಹೇಳಿ, ಕೆಲಸಕ್ಕೆ ಹೊತ್ತಾಯಿತು, ಅರ್ಧ ದಿನದ ರಜೆ ಮಾತ್ರ ಕೊಟ್ಟಿದ್ದಾರೆ ಎಂದು ನಾದಿನಿಯನ್ನು ಕರೆದುಕೊಂಡು ಹೊರಟ. ಹೆಂಡತಿ ಫಲಕವನ್ನು ಎದೆಗೊತ್ತಿಕೊಂಡು, ಮೇಡಂ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಮೊದಲಿಂದ ಹೇಳುತ್ತಿದ್ದಳು. ಮೇಸ್ತ್ರಿ ಗೋದಾಮಿನ ಬಾಗಿಲ ಕಡೆ ನೋಡುತ್ತಾ ನಿಂತಿದ್ದ. ಮಳಿಗೆ ಹೋಗಿತ್ತು, ಕಾರು ಹೋಗಿತ್ತು, ಅವನ ಹತ್ತಿರ ಕಿತ್ತುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಆದರೂ ಬಸ್ ಸ್ಟಾಪಿನ ಕಡೆ ನಡೆದುಹೋಗುತ್ತಿದ್ದ ಆ ಮೆತ್ತಗಿನ ಮನುಷ್ಯನ ಬೆನ್ನು ನೋಡಿ ಮೇಸ್ತ್ರಿಗೆ ಹೊಟ್ಟೆ ಉರಿಯಿತು, ಹಿಂದೆಂದೂ ಉರಿಯದಷ್ಟು. ಆ ಒಂದು ಮಾತನ್ನು ಹಾಗೆ ನುಂಗಿಕೊಳ್ಳಲು ತನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.